ಹಾಡುವ ಬಾಯಿಗಳು

ಹಾಡು ಸರಿಯಾಗಿ ಕೇಳಿಸದ ವಿನಯಾ ಹಾಡಿನ ಬಗ್ಗೆ ಫೋಟೊ ತೆಗೆಯುವ ಕೆಲಸಕ್ಕೆ ತಾನಾಗಿಯೇ ಹೆಸರು ಕೊಟ್ಟಿದ್ದಳು. ಕುಂದಾಪುರದ ಕಾಲೇಜಿನಲ್ಲಿ ಅವಳದು ಬಿ.ಕಾಂ. ಕೊನೆಯ ವರ್ಷ. ಸಮಾಜಶಾಸ್ತ್ರ ಕಲಿಸುವ ಶ್ರೀವಾಣಿ ಮೇಡಂ ಪಿಎಚ್.ಡಿ. ಮಾಡುತ್ತಿದ್ದರು. ಹರೆಯದವರ ಬದುಕಿನಲ್ಲಿ ಸಂಗೀತ ಏನು ಮಾಡುತ್ತದೆ ಎಂಬುದನ್ನು ಅವರಿಗೆ ತಾವು ಬರೆಯುವುದಕ್ಕಿಂತ ಹುಡುಗ ಹುಡುಗಿಯರಿಂದಲೇ ತಿಳಿಯಬೇಕಿತ್ತು. 'ನಿಮ್ಮ ಮೊಬೈಲಿನಲ್ಲೇ ಫೋಟೊ ತೆಗೆಯಿರಿ, ಬಂದು ಅದರ ಬಗ್ಗೆ ಮಾತಾಡಿ' ಎಂದು ಅವರು ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆಯ ಕೆಳಗೆ ವಿನಯಾ ತನ್ನ ಹೆಸರು ಬರೆದಳು.

ಅವಳಿಗೆ ಅದೊಂದು ಕುತೂಹಲ ಬಹಳ ದಿನದಿಂದ ಇತ್ತು. ಬಸ್ಸಿನಲ್ಲಿ, ಕ್ಲಾಸಿನ ಬಿಡುವಿನಲ್ಲಿ ಎಲ್ಲರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಎಲ್ಲೋ ಹೊರಟುಹೋಗುತ್ತಿದ್ದರು. ಕೆಲವರ ತುಟಿ ಅಲುಗುತ್ತಿತ್ತು. ಕೆಲವರ ಕಣ್ಣಲ್ಲಿ ನೀರು. ಅವರೆಲ್ಲ ಹೋಗುವ ಜಾಗ ಯಾವುದು ಎಂದು ಅವಳಿಗೆ ತಿಳಿಯಬೇಕಿತ್ತು.

ಕಿವಿ ಮಂದವಾಗಲು ಶುರುವಾದದ್ದು ಪಿಯುಸಿಯಲ್ಲಿ. ಮೊದಲು ಫೋನಿನಲ್ಲಿ ಮಾತು ಒಡೆದೊಡೆದು ಬರತೊಡಗಿತು. ಆಮೇಲೆ ಹಿಂದಿನಿಂದ ಕರೆದರೆ ಗೊತ್ತಾಗುತ್ತಿರಲಿಲ್ಲ. ಈಗ ಬಲಗಿವಿ ಇದ್ದೂ ಇಲ್ಲದ ಹಾಗೆ. ಎಡಗಿವಿಗೆ ಹತ್ತಿರದಿಂದ, ಎದುರು ನಿಂತು ಹೇಳಿದರೆ ಅಷ್ಟಿಷ್ಟು ಬೀಳುತ್ತಿತ್ತು. ಉಳಿದದ್ದನ್ನು ಅವಳು ಮಾತಾಡುವವರ ಬಾಯಿ ನೋಡಿ ತುಂಬಿಕೊಳ್ಳುತ್ತಿದ್ದಳು. ಕ್ಲಾಸಿನಲ್ಲಿ ಮುಂದಿನ ಬೆಂಚಿನ ಬಲತುದಿ ಅವಳದೇ. ಹಿಂದಿನಿಂದ ಕರೆದವರಿಗೆ ತಿರುಗಿ ನೋಡದ ಕಾರಣ ಅವಳಿಗೆ ಗತ್ತು ಜಾಸ್ತಿ ಎಂಬ ಹೆಸರು ಬಂದಿತ್ತು. ಆ ಹೆಸರು ಅವಳಿಗೆ ಅನುಕೂಲವೇ ಆಗಿತ್ತು. ವಿಷಯ ಗೊತ್ತಿದ್ದದ್ದು ಅಪ್ಪ ಸುಧಾಕರನಿಗೆ, ಅಮ್ಮ ರಾಜೀವಿಗೆ ಮಾತ್ರ.

ಆದರೆ ಚಂಡೆ ಬೇರೆ. ಗುಲ್ವಾಡಿಯ ಅವರ ಮನೆಯ ಹತ್ತಿರ ಪ್ರೇಮಾನಂದ ಎಂಬವರು ಹುಡುಗಿಯರ ಚಂಡೆ ಬಳಗ ನಡೆಸುತ್ತಿದ್ದರು. ಒಂದೇ ಬಣ್ಣದ ಸೀರೆ ಉಟ್ಟು, ಹೆಗಲಿಗೆ ಚಂಡೆ ಹಾಕಿಕೊಂಡು ಮದುವೆ, ಮೆರವಣಿಗೆ, ಅಂಗಡಿ ಉದ್ಘಾಟನೆಗಳಿಗೆ ಹೋಗುವ ಹುಡುಗಿಯರು. ವಿನಯಾ ಅಲ್ಲಿ ಮೊದಲ ಸಾಲಿನಲ್ಲಿದ್ದಳು. ಚಂಡೆಯ ಪೆಟ್ಟು ಅವಳಿಗೆ ಕಿವಿಯಿಂದ ಬರುತ್ತಿರಲಿಲ್ಲ. ಹೊಟ್ಟೆಯಿಂದ ಏರಿ ಎದೆಗೂಡಿಗೆ ಬಂದು ಕೂರುತ್ತಿತ್ತು. ಪಕ್ಕದವಳ ಕೋಲು, ಮಾಸ್ಟ್ರ ತುಟಿ, ನೆಲದ ಅದುರು ಇಷ್ಟು ಇದ್ದರೆ ಅವಳಿಗೆ ತಾಳ ತಪ್ಪುತ್ತಿರಲಿಲ್ಲ.

ಫೋಟೊ ತಂಡ ಶನಿವಾರ ಮಧ್ಯಾಹ್ನ ಸಾಲಿಗ್ರಾಮದಲ್ಲಿ, ಶ್ರೀವಾಣಿಯವರ ಮನೆಯ ಮಾಳಿಗೆಯಲ್ಲಿ ಸೇರುತ್ತಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಏಳೆಂಟು ಜನ. ಮೊದಲ ದಿನವೇ ಮೇಡಂ ಎರಡು ಮಾತು ಹೇಳಿದರು. ಫೋಟೊದಲ್ಲಿ ಇರುವವರನ್ನು ಕೇಳದೆ ಫೋಟೊ ತೆಗೆಯಬಾರದು. ಇಲ್ಲಿ ತೋರಿಸಿದ ಫೋಟೊ, ಇಲ್ಲಿ ಆಡಿದ ಮಾತು ತೆಗೆದವರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು. ಎಲ್ಲರೂ ತಲೆಯಾಡಿಸಿದರು. ಫೋಟೊ ಹಂಚಿಕೊಳ್ಳಲು ಒಂದು ವಾಟ್ಸಾಪ್ ಗುಂಪು ಆಯಿತು.

ಹುಡುಗರು ತಂದ ಚಿತ್ರಗಳು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತಿದ್ದವು. ಬೈಂದೂರು ಕಡೆಯ ವಿಶಾಲ್ ಅಣ್ಣನ ಜೊತೆ ಮೀನಿಗೆ ಹೋಗುವವನು. ದೋಣಿಯ ಕಂಬಕ್ಕೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದ ಸಣ್ಣ ಸ್ಪೀಕರಿನ ಫೋಟೊ ತಂದಿದ್ದ. ಅದು ಇಲ್ಲದಿದ್ದರೆ ಅಣ್ಣ ತಮ್ಮ ಇಡೀ ದಿನ ಒಂದು ಮಾತೂ ಆಡುವುದಿಲ್ಲವಂತೆ. ಹಾಡು ಬದಲಾಯಿಸುವ ವಿಷಯಕ್ಕೆ ಜಗಳವಾಡಿಯಾದರೂ ಮಾತು ನಡೆಯುತ್ತದಂತೆ. ಸಾಲಿಗ್ರಾಮದವನೇ ಆದ ಸುಜಯ್ ತನ್ನ ಬೈಕಿನ ಹೆಲ್ಮೆಟ್ಟಿನೊಳಗೆ ಸಿಕ್ಕಿಸಿದ ಇಯರ್‌ಫೋನ್ ತೋರಿಸಿದ. ಅವನು ಮಾತಿನಲ್ಲಿ ಚುರುಕು. ರೀಲ್ಸ್ ಮಾಡುತ್ತಿದ್ದ, ಅವನನ್ನು ಫಾಲೋ ಮಾಡುವವರು ಬೇಕಾದಷ್ಟು ಜನ ಇದ್ದರು. ಎಲ್ಲರ ಜೊತೆ ಸಲಿಗೆಯಿಂದ ಇರುತ್ತಿದ್ದ.

ವಿನಯಾ ತಂದ ಚಿತ್ರಗಳಲ್ಲಿ ಮೊಮ್ಮಗುವನ್ನು ತೂಗುತ್ತ ಹಾಡುವ ಪಕ್ಕದ ಮನೆಯ ನಾಗು ಅಜ್ಜಿ ಇದ್ದಳು. ಭಜನೆ ಹೇಳುವ ಹೆಂಗಸರು ಇದ್ದರು. ತಾಳ ಹೇಳಿಕೊಡುತ್ತಿರುವ ಪ್ರೇಮಾನಂದ ಮಾಸ್ಟ್ರು. ಕಿಟಕಿಗೆ ಒರಗಿ ಗುನುಗುವ ಬಸ್ಸಿನ ಹುಡುಗಿ. ಎಲ್ಲವೂ ತೀರಾ ಹತ್ತಿರದಿಂದ ತೆಗೆದವು. ನಾಗು ಅಜ್ಜಿಯ ಚಿತ್ರದಲ್ಲಿ ಎಲೆಯಡಿಕೆಯ ಕವಳದಿಂದ ಕೆಂಪಾದ ಎರಡು ಹಲ್ಲು, ಮುಂದಕ್ಕೆ ಚಾಚಿದ ತುಟಿ, ಕತ್ತಿನ ಉಬ್ಬಿದ ನರ ಕಾಣುತ್ತಿತ್ತು. ಮಗು ಎಲ್ಲೂ ಇರಲಿಲ್ಲ.

"ಇದ್ ಎಂತ ಮರಾಯ್ತಿ, ಬರೀ ಬಾಯಿಯೇ" ಎಂದ ಸುಜಯ್. "ನೀನ್ ಹಲ್ಲಿನ್ ಡಾಕ್ಟ್ರ್ ಆಯ್ಕಿತ್ತ್."

ಎಲ್ಲರೂ ನಕ್ಕರು. ಅವರು ನಕ್ಕದ್ದನ್ನು ನೋಡಿ ವಿನಯಾಳೂ ನಕ್ಕಳು. ಅವನ ಮಾತು ಅವಳಿಗೆ ಸಿಕ್ಕಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಾತಾಡಿದ್ದ.

"ಬಾಯಿಯನ್ನೇ ಯಾಕೆ ತೆಗೆದೆ, ವಿನಯಾ?" ಎಂದು ಶ್ರೀವಾಣಿ ಕೇಳಿದರು. ಅವರ ಮುಖ ಕಾಣುತ್ತಿತ್ತು, ಮಾತು ಸಿಕ್ಕಿತು.

"ಹಾಡ್ ಅಲ್ಲಿಂದಲೇ ಅಲ್ದಾ ಬಪ್ಪುದ್" ಎಂದಳು ವಿನಯಾ.

ಆ ಉತ್ತರ ಮೇಡಂಗೆ ಇಷ್ಟವಾದಂತೆ ಕಂಡಿತು. ಆದರೆ ಆವತ್ತಿನಿಂದ ಅವರು ತನ್ನನ್ನು ಸ್ವಲ್ಪ ಹೆಚ್ಚೇ ನೋಡುತ್ತಿದ್ದಾರೆ ಎಂದು ವಿನಯಾಳಿಗೆ ಅನ್ನಿಸತೊಡಗಿತು. ಬಾಯಿ ನೋಡಿ ಬದುಕುವವರಿಗೆ ಕಣ್ಣಿನ ವಿಷಯ ಬೇಗ ತಿಳಿಯುತ್ತದೆ.

ಮೂರನೆಯ ಶನಿವಾರ ಅದು ನಡೆಯಿತು. ಶ್ರೀವಾಣಿ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು, ಬೆನ್ನು ಈ ಕಡೆ. ವಿನಯಾ ಮೊಬೈಲಿನಲ್ಲಿ ತನ್ನ ಫೋಟೊ ಹುಡುಕುತ್ತಿದ್ದಳು. ತಲೆ ಎತ್ತಿದಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ವಿಶಾಲನ ಹುಬ್ಬು ಮೇಲೇರಿತ್ತು. ಸುಜಯನ ಕಣ್ಣು ಮೇಡಂ ಬೆನ್ನಿನಿಂದ ಅವಳ ಕಡೆಗೆ, ಅವಳಿಂದ ಮತ್ತೆ ಮೇಡಂ ಕಡೆಗೆ ಹೋಯಿತು. ಆಗ ಶ್ರೀವಾಣಿ ತಿರುಗಿದರು. ಅವರ ಮುಖ ಬಿಳುಚಿತ್ತು.

"ಏನಿಲ್ಲ, ಮುಂದಿನ ಫೋಟೊ ನೋಡೋಣ" ಎಂದರು.

ಏನಾಯಿತೆಂದು ವಿನಯಾಳಿಗೆ ಅರ್ಥವಾಯಿತು. ಉಳಿದ ಹೊತ್ತು ಅವಳು ಯಾರ ಬಾಯಿಯನ್ನೂ ನೋಡಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಶ್ರೀವಾಣಿ ಹೆದ್ದಾರಿಯ ಬಸ್ ಸ್ಟಾಪಿನವರೆಗೆ ಅವಳ ಜೊತೆ ನಡೆದು ಬಂದರು. ಲಾರಿಗಳು ಹೋಗುತ್ತಿದ್ದವು. ಅವರು ಏನೋ ಹೇಳಲು ಹೊರಟರು, ವಿನಯಾಳೇ ಮೊದಲು ಮಾತು ತೆಗೆದಳು.

"ನೀವ್ ನಂಗೆ ಪರೀಕ್ಷೆ ಮಾಡ್ದ್ರಿ ಅಲ್ದಾ, ಮೇಡಂ?"

ಶ್ರೀವಾಣಿ ನಿಂತರು. ಅವಳ ಎದುರಿಗೆ ಬಂದು ಹೇಳಿದರು. "ಹೌದು. ನಾಲ್ಕು ಸಲ ಕರೆದೆ. ಹಾಗೆ ಮಾಡಬಾರದಿತ್ತು."

"ಎಲ್ಲರ್ ಎದ್ರಿಗೆ."

"ಹೌದು. ತಪ್ಪಾಯಿತು."

ವಿನಯಾ ಕಿವಿಯ ವಿಷಯ ಎಲ್ಲ ಹೇಳಿದಳು. ಯಾರಿಗೂ ಹೇಳದೆ ಇಟ್ಟದ್ದನ್ನು ಹೇಳತೊಡಗಿದರೆ ನಿಲ್ಲಿಸುವುದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಎರಡು ಬಸ್ಸು ಬಂದು ಹೋದವು. ತನ್ನ ದನಿ ಎಷ್ಟು ಜೋರಾಗಿದೆ ಎಂಬ ಅಂದಾಜು ಅವಳಿಗೆ ಇರಲಿಲ್ಲ. ಸ್ಟಾಪಿನಲ್ಲಿದ್ದ ಒಬ್ಬಾತ ತಿರುಗಿ ನೋಡಿದಾಗ ತಗ್ಗಿಸಿದಳು.

"ಚಂಡೆ ಮಾತ್ರ ಕೇಣ್ಕಂದೇ ಇಲ್ಲೆ, ಮೇಡಂ. ಇಲ್ಲಿಗೆ ಬತ್ತ್" ಎಂದು ಎದೆಯ ಮೇಲೆ ಕೈ ಇಟ್ಟಳು. "ಬಾಕಿ ಹಾಡೆಲ್ಲ ನಂಗೆ ಬಾಯಿ ಅಷ್ಟೇ."

"ಡಾಕ್ಟರಿಗೆ ತೋರಿಸಿದ್ದೀರಾ?"

"ಒಂದ್ಸಲ. ಕೆಮಿಗೆ ಮಿಷನ್ ಹಾಕಣಿ ಅಂದ್ರ್. ಅಮ್ಮ ಬ್ಯಾಡ ಅಂದ್ರ್." ಆಮೇಲೆ ಅವಳು ಶ್ರೀವಾಣಿಯ ಕೈ ಹಿಡಿದುಕೊಂಡಳು. "ಯಾರಿಗೂ ಹೇಳ್ಬ್ಯಾಡಿ. ಹೆಮ್ಮಾಡಿಯವ್ರ್ ಒಬ್ರ್ ಹೆಣ್ಣ್ ಕಾಂಬುಕೆ ಬತ್ರ್. ಬೊಂಬಾಯಿಯಗೆ ಹೋಟ್ಲ್ ಇತ್ತಂಬ್ರ್. ಅಮ್ಮ ಅದನ್ನೇ ಕಾಯ್ಕಂಡ್ ಕೂತಿದ್ರ್."

ಯಾರಿಗೂ ಹೇಳುವುದಿಲ್ಲ ಎಂದು ಶ್ರೀವಾಣಿ ಮಾತು ಕೊಟ್ಟರು. ಆದರೆ ಅಮ್ಮನಿಗೆ ಗೊತ್ತಿರುವ ವಿಷಯವನ್ನು ಅಮ್ಮನ ಜೊತೆ ಮಾತಾಡಬಹುದಲ್ಲ ಎಂದು ಕೇಳಿದರು. ವಿನಯಾ ಬೇಡ ಎನ್ನಲಿಲ್ಲ. ಒಳಗಿಂದೊಳಗೆ ಅವಳಿಗೂ ಯಾರಾದರೂ ಬಂದು ಅಮ್ಮನ ಹತ್ತಿರ ಮಾತಾಡಿದರೆ ಒಳ್ಳೆಯದಿತ್ತು ಎಂದಿತ್ತು.

ಮುಂದಿನ ವಾರ ಶ್ರೀವಾಣಿ ಗುಲ್ವಾಡಿಗೆ ಬಂದರು. ಸುಧಾಕರ ರಸ್ತೆ ಬದಿಯ ತನ್ನ ದಿನಸಿ ಅಂಗಡಿಯಲ್ಲಿದ್ದ. ರಾಜೀವಿ ಅವರನ್ನು ಜಗಲಿಯಲ್ಲಿ ಕೂರಿಸಿದಳು.

"ಬನ್ನಿ, ಕೂಕಣಿ. ವಿನಯಾ ನಿಮ್ ವಿಷ್ಯ ಹೇಳ್ತಾ ಇರ್ತ್. ಚಾ ಮಾಡ್ತೆ, ಹ್ವಾ?"

ಚಹಾ ಮಾಡಿದ್ದು ವಿನಯಾ. ಒಲೆಯ ಹತ್ತಿರ ನಿಂತರೆ ಬಾಗಿಲಿನಿಂದ ಅಮ್ಮನ ಮುಖ ಕಾಣುತ್ತಿತ್ತು, ಮೇಡಂದು ಬೆನ್ನು. ಹಾಗಾಗಿ ಅವಳಿಗೆ ಸಿಕ್ಕಿದ್ದು ಅಮ್ಮನ ಮಾತು ಮಾತ್ರ.

"ಗೊತ್ತಿತ್ತ್ ನಂಗೆ" ಎಂದಳು ರಾಜೀವಿ. ಆಮೇಲೆ ಬಹಳ ಹೊತ್ತು ಮೇಡಂ ಮಾತಾಡಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ನೀವ್ ಓದ್ದವ್ರ್, ನಾನ್ ಬ್ಯಾಡ ಅಂಬುದಿಲ್ಲೆ. ಮಿಷನ್ ತಪ್ಪಲ್ಲ. ಆದ್ರೆ ಅದ್ ಕೆಮಿಯಗೆ ಕಾಣತ್ತಲೆ." ರಾಜೀವಿ ಒಳಗೊಮ್ಮೆ ನೋಡಿದಳು. ವಿನಯಾ ತಲೆ ತಗ್ಗಿಸಿ ಹಾಲು ಸುರಿದಳು. ಮತ್ತೆ ನೋಡಿದಾಗ ಅಮ್ಮ ಹೇಳುತ್ತಿದ್ದಳು: "ನನ್ನ ಅಕ್ಕ ಇದ್ದಿದ್ಳ್, ಪದ್ಮಾವತಿ. ಮನೆಯಗೆ ಪದ್ದು ಅಂತಿದ್ರ್. ಕೆಮಿ ಹೋಯ್ತ್, ಹೆಸ್ರೂ ಹೋಯ್ತ್. ಊರೆಲ್ಲ ಕೆಪ್ಪಿ ಅಂದೇ ಕರೀತಿದ್ರ್. ಸತ್ತ್ ಹೋದಾಗಳೂ ಕೆಪ್ಪಿ ಸತ್ಲ್ ಅಂದ್ರ್, ಪದ್ದು ಸತ್ಲ್ ಅಂದ್ ಒಬ್ರೂ ಹೇಳ್ಲಿಲ್ಲೆ. ನನ್ನ ಮಗ್ಳಿಗೆ ಅದ್ ಬ್ಯಾಡ, ಮೇಡಂ. ಒಂದ್ ಮದಿ ಆಯ್ಲಿ. ಆಮೇಲೆ ಗಂಡ ಹೆಂಡ್ತಿ ಮಿಷನ್ನಾರೂ ಹಾಕಣ್ಲಿ, ಎಂತಾರೂ ಮಾಡ್ಕಣ್ಲಿ."

ಆ ದೊಡ್ಡಮ್ಮನ ಹೆಸರು ಪದ್ಮಾವತಿ ಎಂದು ವಿನಯಾಳಿಗೆ ಗೊತ್ತಾದದ್ದು ಆಗಲೇ. ಅವಳೂ ಇಷ್ಟು ದಿನ ಕೆಪ್ಪಿ ದೊಡ್ಡಮ್ಮ ಎಂದೇ ಕೇಳಿ ಬೆಳೆದವಳು.

ಚಹಾ ಕುಡಿದು ಶ್ರೀವಾಣಿ ಹೊರಟರು. ಗೇಟಿನ ಹತ್ತಿರ ವಿನಯಾಳ ಕಡೆ ತಿರುಗಿ, "ನಿಮ್ಮ ಅಮ್ಮನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ" ಎಂದರು.

ಹೆಮ್ಮಾಡಿಯವರು ಬಂದು ನೋಡಿ ಹೋದರು. ಹುಡುಗ ಮೆತ್ತಗಿನವನು, ಮಾತಾಡುವಾಗ ಬಾಯಿ ಚೆನ್ನಾಗಿ ತೆರೆಯುತ್ತಿದ್ದ. ಅದೊಂದೇ ಕಾರಣಕ್ಕೆ ವಿನಯಾಳಿಗೆ ಅವನು ಹಿಡಿಸಿದ. ಅವಳಿಗೆ ಇದರಲ್ಲಿ ಮೋಸ ಇದೆ ಎಂಬುದೂ ಗೊತ್ತಿತ್ತು. ಅವನು ಒಬ್ಬನೇ ಸಿಕ್ಕಾಗ ಹೇಳಿಬಿಡಬೇಕು ಎಂದುಕೊಂಡಳು. ಹೇಗೆ ಹೇಳುವುದು ಎಂದು ಕನ್ನಡಿಯ ಎದುರು ನಿಂತು ತುಟಿ ಅಲುಗಿಸಿ ನೋಡಿಕೊಂಡಳು. ಅಷ್ಟರಲ್ಲಿ ಹುಡುಗನ ಕಡೆಯವರಿಗೆ ಒಪ್ಪಿಗೆ ಎಂದು ಫೋನ್ ಬಂತು. ರಾಜೀವಿ ಮಗಳ ಕೆನ್ನೆ ಹಿಡಿದು ನಕ್ಕಳು. ಅಮ್ಮ ಹಾಗೆ ನಕ್ಕದ್ದನ್ನು ವಿನಯಾ ನೋಡಿ ವರ್ಷಗಳೇ ಆಗಿದ್ದವು.

ಸುಜಯ್ ರೀಲ್ ಹಾಕಿದ್ದು ಆ ವಾರದಲ್ಲೇ.

ಕೆಟ್ಟದು ಮಾಡುವ ಮನಸ್ಸು ಅವನಿಗೆ ಇರಲಿಲ್ಲ. ಮಾಳಿಗೆಯಲ್ಲಿ ಮೇಡಂ ಕರೆದದ್ದು, ವಿನಯಾ ತಿರುಗದೆ ಇದ್ದದ್ದು ಅವನ ತಲೆಯಿಂದ ಹೋಗಿರಲಿಲ್ಲ; ಕಿವಿಯ ವಿಷಯ ಅದರಿಂದಲೇ ಹೊಳೆದಿತ್ತು. ಹಲ್ಲಿನ ಡಾಕ್ಟರ್ ಎಂದು ಹಾಸ್ಯ ಮಾಡಿದ್ದು ನೆನಪಾಗಿ ನಾಚಿಕೆಯಾಗಿತ್ತು. ಒಂದು ಮದುವೆಯಲ್ಲಿ ಅವಳು ಚಂಡೆ ಬಾರಿಸುವ ವಿಡಿಯೊ ಯಾರದೋ ಪುಟದಲ್ಲಿ ಸಿಕ್ಕಿತು. ಅದರ ನಡುವೆ ಗುಂಪಿನಲ್ಲಿದ್ದ ಅವಳ ಬಾಯಿಯ ಫೋಟೊಗಳನ್ನು ಸೇರಿಸಿದ. ಕೆಳಗೆ ಬರೆದ: 'ಕಿವಿ ಕೇಳಿಸದಿದ್ದರೂ ಚಂಡೆಯಲ್ಲಿ ಇವಳನ್ನು ಮೀರಿಸುವವರಿಲ್ಲ. ಗುಲ್ವಾಡಿಯ ನಮ್ಮ ವಿನಯಾ. ಹ್ಯಾಟ್ಸಾಫ್ ಸಿಸ್ಟರ್.' ಹಿನ್ನೆಲೆಗೆ ಕರುಳು ಹಿಂಡುವ ಕೊಳಲು.

ಒಂದೇ ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಕಣ್ಣೀರಿನ, ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದವು. ಕುಂದಾಪುರದವರು ಎಲ್ಲಿದ್ದರೂ ಇರುವ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿ ಅದು ಬೊಂಬಾಯಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೂ ತೆರೆದುಕೊಂಡಿತು.

ವಿನಯಾ ಕಾಲೇಜಿನಲ್ಲಿ ಇದ್ದಾಗ ಹುಡುಗಿಯರು ಬಂದು ಅವಳನ್ನು ಅಪ್ಪಿಕೊಂಡರು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಒಬ್ಬಳು ಮೊಬೈಲ್ ಹಿಡಿದು ತೋರಿಸಿದಳು. ಪರದೆಯ ಮೇಲೆ ನಾಗು ಅಜ್ಜಿಯ ಎರಡು ಹಲ್ಲು ಕಂಡವು, ಆಮೇಲೆ ತನ್ನ ಹೆಸರು. ಅವಳು ಬ್ಯಾಗ್ ತೆಗೆದುಕೊಂಡು ಮನೆಗೆ ಹೋದಳು. ಅಷ್ಟರಲ್ಲಿ ಹೆಮ್ಮಾಡಿಯಿಂದ ಫೋನ್ ಬಂದಾಗಿತ್ತು.

ಸುಧಾಕರ ಅಂಗಡಿ ಮುಚ್ಚಿ ಬಂದು ಜಗಲಿಯಲ್ಲಿ ಕೂತಿದ್ದ. ಹುಡುಗನ ಕಡೆಯವರು ಬೈಯಲೂ ಇಲ್ಲವಂತೆ. 'ನೀವ್ ಮೊದ್ಲೇ ಹೇಳ್ಕಿತ್ತ್' ಎಂದಷ್ಟೇ ಹೇಳಿ ಇಟ್ಟರಂತೆ.

"ಅವ್ರ್ ಹೇಳ್ದದ್ರಗೆ ತಪ್ಪೆಂತ ಇತ್ತ್?" ಎಂದ ಸುಧಾಕರ. ಹೆಂಡತಿಗೆ ಹೇಳಿದನೋ ತನಗೇ ಹೇಳಿಕೊಂಡನೋ.

ರಾಜೀವಿ ಮಗಳನ್ನು ನೋಡಿದಳು. "ಆ ಮೇಡಮ್ಮಿಗೆ ನೀನ್ ಹೇಳ್ದದ್ದ್. ಹೌದಾ ಅಲ್ದಾ?"

"ನಾನ್ ಸುಜಯಂಗೆ ಹೇಳ್ಲಿಲ್ಲೆ, ಅಮ್ಮ."

"ಫೋಟೊ ತೆಗ್ದದ್ದ್ ನೀನೇ ಅಲ್ದಾ?"

ಆವತ್ತಿನಿಂದ ರಾಜೀವಿ ವಿನಯಾಳ ಜೊತೆ ಮಾತಾಡುವಾಗ ಮುಖ ತಿರುಗಿಸಿಕೊಳ್ಳತೊಡಗಿದಳು. ಊಟಕ್ಕೆ ಕರೆಯುವುದೂ ಬೆನ್ನು ಹಾಕಿಯೇ. ಮಗಳಿಗೆ ಮಾತು ತಲುಪಬಾರದು ಎಂದರೆ ಅಷ್ಟು ಸಾಕು ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರು ಎಷ್ಟು ಬೈದಿದ್ದರೂ ವಿನಯಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಶ್ರೀವಾಣಿ ಮಾರನೆಯ ದಿನವೇ ಬಂದರು. ರಾಜೀವಿ ಬಾಗಿಲು ತೆರೆಯಲಿಲ್ಲ. ಅವರು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದನ್ನು ವಿನಯಾ ಕಿಟಕಿಯಿಂದ ನೋಡಿದಳು, ಹೊರಗೆ ಹೋಗಲಿಲ್ಲ. ಶ್ರೀವಾಣಿಯ ಮಾತಿಗೆ ಸುಜಯ್ ರೀಲ್ ಅಳಿಸಿದ. ಆದರೆ ಬೇರೆಯವರು ಇಳಿಸಿಕೊಂಡು ತಮ್ಮ ತಮ್ಮ ಪುಟದಲ್ಲಿ ಹಾಕಿಕೊಂಡಿದ್ದರು. ಕೆಲವರು ಕೊಳಲು ತೆಗೆದು ಬೇರೆ ಹಾಡು ಸೇರಿಸಿದ್ದರು.

ಪ್ರೇಮಾನಂದ ಮಾಸ್ಟ್ರಿಗೆ ಮಾತ್ರ ಫೋನಿನ ಮೇಲೆ ಫೋನ್ ಬರತೊಡಗಿತು. 'ಕೆಮಿ ಕೇಣದ್ ಹೆಣ್ಣ್ ಇಪ್ಪ್ ಟೀಮ್ ನಿಮ್ದೇ ಅಲ್ದಾ?' ಎಂದು ಕೇಳುವವರು. ಅವರು ವಿನಯಾಳ ಮನೆಗೇ ಬಂದು ಹೇಳಿದರು.

"ಹ್ವಾಯ್, ಇದ್ರಗೆ ನಾಚ್ಕಿ ಎಂತಕೆ? ಜನ ನಿನ್ನ ಹೊಗಳ್ತಾ ಇದ್ರ್. ಬೈಂದೂರಗೆ ಒಂದ್ ಮದಿ ಮೆರವಣಿಗೆ ಇತ್ತ್. ನೀನ್ ಬರ್ಲೇಬೇಕ್ ಅಂಬ್ರ್."

ವಿನಯಾ ಹೋದಳು. ಮನೆಯಲ್ಲಿ ಕೂತು ಅಮ್ಮನ ಬೆನ್ನು ನೋಡುವುದಕ್ಕಿಂತ ಅದೇ ವಾಸಿ ಎನ್ನಿಸಿತ್ತು. ಚಂಡೆ ಹೆಗಲಿಗೆ ಬಿದ್ದರೆ ಎಲ್ಲ ಸರಿಯಾಗಬಹುದು ಎಂಬ ಆಸೆಯೂ ಇತ್ತು.

ಬೈಂದೂರಿನ ಆ ಮದುವೆಯ ಮಂಟಪದ ಎದುರು ಸಂಜೆ ಬಿಸಿಲಿನಲ್ಲಿ ಹುಡುಗಿಯರು ಎರಡು ಸಾಲಾಗಿ ನಿಂತರು. ಮದುಮಗ ಇನ್ನೂ ಕಾರಿನಿಂದ ಇಳಿದಿರಲಿಲ್ಲ. ಮೈಕ್ ಹಿಡಿದವನೊಬ್ಬ ಮುಂದೆ ಬಂದ. ಅವನು ಜನರ ಕಡೆ ತಿರುಗಿ ಏನೋ ಹೇಳಿದ. ಆಮೇಲೆ ವಿನಯಾಳ ಕಡೆ ಕೈ ಚಾಚಿ, ಅವಳತ್ತ ಮುಖ ಮಾಡಿ ಹೇಳಿದ. ಈಗ ಅವನ ಬಾಯಿ ಕಂಡಿತು.

'ಪಾಪ, ಕಿವಿ ಕೇಳಿಸುವುದಿಲ್ಲ. ನಾವು ಚಪ್ಪಾಳೆ ಹೊಡೆದರೂ ಅವಳಿಗೆ ಗೊತ್ತಾಗುವುದಿಲ್ಲ. ಆದರೂ ಒಂದು ಜೋರಾದ ಚಪ್ಪಾಳೆ.'

ಜನರ ಕೈಗಳು ಮೇಲೆದ್ದವು. ಕೆಲವು ಚಪ್ಪಾಳೆಗೆ, ಹೆಚ್ಚಿನವು ಮೊಬೈಲ್ ಹಿಡಿದು. ಎಲ್ಲ ಮೊಬೈಲುಗಳೂ ಅವಳ ಮುಖದತ್ತ, ಒಂದೆರಡು ತೀರಾ ಹತ್ತಿರಕ್ಕೆ, ಕಿವಿಯ ಹತ್ತಿರಕ್ಕೇ ಬಂದವು. ಯಾರೂ ಅವಳನ್ನು ಕೇಳಿರಲಿಲ್ಲ.

ಪ್ರೇಮಾನಂದ ಮಾಸ್ಟ್ರು ಸನ್ನೆ ಮಾಡಿದರು. ಮೊದಲ ಪೆಟ್ಟು ಅವಳದು. ಅವಳು ಕೋಲು ಎತ್ತಿದಳು, ಹೊಡೆದಳು. ಪಕ್ಕದವರೂ ಹೊಡೆದರು. ನೆಲ ಅದುರಿತು, ಪಾದಕ್ಕೆ ಗೊತ್ತಾಯಿತು. ಆದರೆ ಅದು ಮೊಣಕಾಲಿನ ಮೇಲೆ ಬರಲಿಲ್ಲ. ಎದೆ ಕಲ್ಲಿನ ಹಾಗೆ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಚಂಡೆ ಅವಳೊಳಗೆ ಬರಲಿಲ್ಲ. ಅವಳ ಕೈ ತಪ್ಪಿತು, ಮತ್ತೆ ತಪ್ಪಿತು. ಪಕ್ಕದವಳು ಗಾಬರಿಯಿಂದ ನೋಡಿದಳು. ವಿನಯಾ ಕೋಲು ಕೆಳಗಿಳಿಸಿ, ಪಟ್ಟಿ ಬಿಚ್ಚಿ, ಚಂಡೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಹಿಂದಿನಿಂದ ಯಾರಾದರೂ ಕರೆದಿದ್ದರೆ ಅವಳಿಗೆ ಗೊತ್ತಿಲ್ಲ.

ವಿಶಾಲನ ಮನೆ ಅಲ್ಲಿಂದ ದೂರವಿರಲಿಲ್ಲ. ಮದುವೆಗೆ ಬಂದಿದ್ದ ಅವನೇ ಅವಳನ್ನು ನೋಡಿ ಬೆನ್ನಿಗೆ ಬಂದ. ಎದುರಿಗೆ ಬಂದು ನಿಂತು ಒಂದೇ ಮಾತು ಕೇಳಿದ. "ಬಸ್ ಸ್ಟ್ಯಾಂಡಿಗೆ ಬಿಡ್ಲಾ?" ಬಸ್ಸು ಬರುವವರೆಗೆ ಜೊತೆಗಿದ್ದು ಬೇರೇನೂ ಮಾತಾಡಲಿಲ್ಲ. ಆ ಉಪಕಾರವನ್ನು ಅವಳು ಮರೆಯಲಿಲ್ಲ.

ಮುಂದಿನ ಶನಿವಾರ ಅವಳು ಸಾಲಿಗ್ರಾಮದ ಮಾಳಿಗೆಗೆ ಹೋದಳು. ಎಲ್ಲರೂ ಇದ್ದರು. ಸುಜಯ್ ಎದ್ದು ನಿಂತ. ಅವನ ಕಣ್ಣು ಕೆಂಪಾಗಿತ್ತು.

"ನಾನ್ ಒಳ್ಳೇದಾಯ್ಲಿ ಅಂದೇ ಹಾಕದ್ದ್, ವಿನಯಾ. ದೇವ್ರಾಣೆ."

"ಗೊತ್ತಿತ್ತ್" ಎಂದಳು ಅವಳು. "ಒಂದ್ ಮಾತ್ ಕೇಣ್ಕಿತ್ತ್ ನೀನ್ ನಂಗೆ. ನನ್ನ ಎದ್ರಿಗೆ ಬಂದ್ ಕೇಂಡಿದ್ರೆ ನಂಗೆ ಕೇಣ್ತಿತ್ತ್."

ಅವನು ಕೂತುಬಿಟ್ಟ.

ಅವಳು ಶ್ರೀವಾಣಿಯ ಲ್ಯಾಪ್‌ಟಾಪಿನ ಹತ್ತಿರ ಹೋದಳು. "ನನ್ನ ಫೋಟೊ ಎಲ್ಲ ತೆಗ್ದ್ ಹಾಕಿ, ಮೇಡಂ. ಈಗಳೇ. ನನ್ನ ಕಣ್ಣೆದ್ರಿಗೆ, ನಾನ್ ಕಾಣ್ಕ್."

ಕುಂದಾಪುರದಲ್ಲಿ ನಡೆಯಬೇಕಿದ್ದ ಪ್ರದರ್ಶನಕ್ಕೆ ಶ್ರೀವಾಣಿ ಆರಿಸಿಟ್ಟಿದ್ದ ಫೋಟೊಗಳಲ್ಲಿ ಅರ್ಧದಷ್ಟು ಅವಳದೇ. ಇಡೀ ಪ್ರಬಂಧದಲ್ಲಿ ಹೊಸದಾಗಿ ಹೇಳಬೇಕು ಎಂದುಕೊಂಡ ಮಾತುಗಳೆಲ್ಲ ಆ ಬಾಯಿಗಳ ಸುತ್ತಲೇ ಹುಟ್ಟಿದ್ದವು. ಶ್ರೀವಾಣಿ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಒಂದೊಂದಾಗಿ ಅಳಿಸಿದರು. ವಾಟ್ಸಾಪ್ ಗುಂಪಿನಿಂದ ತೆಗೆಸಿದರು, ಉಳಿದವರ ಮೊಬೈಲಿನಿಂದಲೂ. ನಾಗು ಅಜ್ಜಿ ಹೋದಳು, ಬಸ್ಸಿನ ಹುಡುಗಿ ಹೋದಳು. ಭಜನೆಯ ಹೆಂಗಸರು ಹೋಗುವಾಗ ಶ್ರೀವಾಣಿ ಅಳುತ್ತಿದ್ದರು. ವಿನಯಾ ಅಳಲಿಲ್ಲ. ಮುಗಿದ ಮೇಲೆ ಎಲ್ಲರಿಗೂ ಬತ್ತೆ ಎಂದು ಹೇಳಿ ಮೆಟ್ಟಿಲಿಳಿದಳು.

ಪ್ರದರ್ಶನ ವಿಶಾಲನ ದೋಣಿ, ಬೇರೆಯವರ ಬೈಕು, ಬಸ್ಸುಗಳ ಚಿತ್ರಗಳೊಂದಿಗೆ ನಡೆಯಿತು. ಸುಜಯ್ ತನ್ನ ಫೋಟೊಗಳನ್ನೂ ವಾಪಸು ತೆಗೆದುಕೊಂಡನಂತೆ. ವಿನಯಾ ಅತ್ತ ಹೋಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವಳು ಅಪ್ಪನನ್ನು ಕರೆದುಕೊಂಡು ಉಡುಪಿಗೆ ಹೋಗಿ ಎಡಗಿವಿಗೆ ಮಿಷನ್ ಹಾಕಿಸಿಕೊಂಡಳು. ಮುಚ್ಚಿಡುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. ಸುಧಾಕರ ದಾರಿಯುದ್ದಕ್ಕೂ ಅವಳ ಎಡಗಡೆಗೇ ಕೂತು, ಕೇಳಿಸುತ್ತದಾ ಎಂದು ಕೇಳುತ್ತಲೇ ಇದ್ದ. ಕೇಳಿಸುತ್ತಿತ್ತು. ಬಸ್ಸಿನ ತಗಡು, ಪಕ್ಕದವರು ಚಕ್ಕುಲಿ ಮುರಿಯುವುದು, ಎಲ್ಲವೂ ಒಟ್ಟಿಗೆ ನುಗ್ಗಿ ತಲೆನೋವು ಬಂತು. ಮನೆಗೆ ಬಂದಾಗ ರಾಜೀವಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಿರುಗದೆಯೇ, "ಊಟಕ್ ಹಾಕ್ಲಾ?" ಎಂದಳು.

"ಹಾಕ್" ಎಂದಳು ವಿನಯಾ.

ರಾಜೀವಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಅವಳು ತಿರುಗಿ ಮಗಳ ಕಿವಿಯನ್ನು ನೋಡಿದಳು. ಹತ್ತಿರ ಬಂದು ಕೂದಲು ಸರಿಸಿ ಮಿಷನ್ನಿನ ಮೇಲೆ ಇಳಿಬಿಟ್ಟಳು. ವಿನಯಾ ಕೂದಲನ್ನು ಮತ್ತೆ ಹಿಂದಕ್ಕೆ ಹಾಕಿಕೊಂಡಳು.

ಮಳೆ ಹಿಡಿಯುವ ಮೊದಲು ಒಂದು ದಿನ ಬೈಂದೂರಿಗೆ ಹೋಗಲೆಂದು ಸಾಸ್ತಾನದ ಟೋಲಿನ ಹತ್ತಿರ ಬಸ್ಸು ಹತ್ತಿದ ಶ್ರೀವಾಣಿಗೆ ವಿನಯಾ ಸಿಕ್ಕಿದಳು. ಬ್ರಹ್ಮಾವರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು, ಸಂಜೆ ಮನೆಗೆ ಹೊರಟಿದ್ದಳು. ಅವಳೇ ಪಕ್ಕದ ಸೀಟಿನಿಂದ ಬ್ಯಾಗ್ ತೆಗೆದು ಜಾಗ ಕೊಟ್ಟಳು. ಶ್ರೀವಾಣಿ ಸ್ವಲ್ಪ ತಿರುಗಿ, ಮುಖ ಕಾಣುವ ಹಾಗೆ ಕೂತರು.

"ಈಗ ಹಾಡು ಕೇಳಿಸುತ್ತದಾ?"

"ಕೇಣತ್ತ್. ಡ್ರೈವರ್ ಹಾಕದ್ದ್ ಈಗಳೂ ಕೇಂತಾ ಇತ್ತ್." ವಿನಯಾ ಒಂದು ಕ್ಷಣ ಆಲಿಸಿದಳು. "ಆದ್ರೆ ನಾನ್ ಅಂದ್ಕಂಡಾಂಗೆ ಇಲ್ಲೆ, ಮೇಡಂ. ತಗಡಿನ್ ಡಬ್ಬಿಯಗೆ ಹಾಡ್ದಾಂಗೆ ಇತ್ತ್. ಅಜ್ಜಿ ಬಾಯಿ ಕಂಡ್ಕಂಡ್ ನಾನ್ ಬೇರೆ ಎಂತೋ ಅಂದ್ಕಂಡಿದ್ದೆ."

"ಚಂಡೆ?"

"ಮಾಸ್ಟ್ರ್ ಎರ್ಡ್ ಸಲ ಬಂದಿದ್ರ್. ನನ್ ಹೆಸ್ರ್ ಮೈಕಿನಗೆ ಹೇಳುದಾರೆ ಬತ್ತಿಲ್ಲೆ ಅಂದೆ. ಒಪ್ಕಂಡ್ರ್. ಈಗ ಹಿಂದಿನ್ ಸಾಲಿನಗೆ ನಿಂತ್ಕಂತೆ. ಚಂಡೆ ಬಡುವತಿಗೆ ಮಿಷನ್ ತೆಗ್ದಿಡ್ತೆ."

"ಎದೆಗೆ ಬರುತ್ತದಾ?"

"ಒಂದೊಂದ್ ದಿನ ಬತ್ತ್" ಎಂದಳು ವಿನಯಾ.

ಬಸ್ಸು ಕೋಟ ದಾಟಿತು. ಶ್ರೀವಾಣಿ ಬಹಳ ದಿನದಿಂದ ಹೇಳಬೇಕು ಎಂದುಕೊಂಡದ್ದನ್ನು ಹೇಳಿದರು. ಆವತ್ತು ಬೆನ್ನು ತಿರುಗಿಸಿ ಕರೆಯದೆ ಇದ್ದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ ಎಂದರು. ಕ್ಷಮಿಸು ಎಂದರು.

ವಿನಯಾ ಅವರ ಬಾಯಿಯನ್ನು ಕೊನೆಯವರೆಗೂ ನೋಡಿದಳು.

"ನಂಗೆ ಸಿಟ್ ಹೋಯ್ಲಿಲ್ಲೆ, ಮೇಡಂ. ಮುಂದೆ ಹೋತ್ ಕಾಂತ್. ಈಗಳಿಗೆ ಹೋಯ್ಲಿಲ್ಲೆ." ಮಡಿಲಿನ ಬ್ಯಾಗ್ ಸರಿಮಾಡಿಕೊಂಡು, "ನೀವ್ ಫೋಟೊ ಅಳ್ಸುವತಿಗೆ ಬ್ಯಾಡ ಅಂಬ್ರಿಯೇನೋ ಅಂದೇಳಿ ಹೆದ್ರಿದ್ದೆ. ನೀವ್ ಅನ್ಲಿಲ್ಲೆ. ಅದ್ ನೆನ್ಪಿತ್ತ್" ಎಂದಳು.

ಕುಂದಾಪುರ ಬಂತು. ಅವಳಿಗೆ ಅಲ್ಲಿಂದ ಗುಲ್ವಾಡಿಯ ಬಸ್ಸು ಹಿಡಿಯಬೇಕಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಬತ್ತೆ ಮೇಡಂ ಎಂದು ಹೇಳಿ ಇಳಿದಳು. ಶ್ರೀವಾಣಿ ಕಿಟಕಿಯಿಂದ ಅವಳ ಹೆಸರು ಹಿಡಿದು ಕರೆಯಬೇಕು ಎಂದುಕೊಂಡರು. ಕೇಳಿಸುತ್ತದೋ ಇಲ್ಲವೋ ಗೊತ್ತಾಗದೆ ಸುಮ್ಮನಾದರು. ವಿನಯಾ ರಸ್ತೆ ದಾಟುವ ಮೊದಲು ಎರಡೂ ಕಡೆ ಚೆನ್ನಾಗಿ ನೋಡಿಕೊಂಡು ಬಸ್ಸು ನಿಂತ ಕಡೆ ನಡೆದಳು.